ದಾನದ ಹಸುವಿನ ಹಲ್ಲು

ಪದವಿಯ ಎರಡನೆಯ ವರ್ಷದಲ್ಲಿ ನಾನೂ ನನ್ನ ಇಬ್ಬರು ಗೆಳೆಯರೂ ಒಂದು ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತಿದ್ದೆವು. ಒಂದು ಕಂಪನಿ ತನ್ನ ಉತ್ಪನ್ನದ ಸೋರ್ಸ್ ಕೋಡನ್ನು, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಅದರ ಮೂಲ ಬರಹವನ್ನು, ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಅದರ ಮೆನು, ಸೂಚನೆ, ಎಚ್ಚರಿಕೆಗಳನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ಅನುವಾದಿಸಬಹುದಿತ್ತು. ‘ಸೇವ್’ ಎನ್ನುವುದಕ್ಕೆ ‘ಉಳಿಸು’ ಸಾಕೋ, ‘ಉಳಿಸಿ’ ಎಂಬ ಮರ್ಯಾದೆ ಬೇಕೋ ಎಂದು ಹಾಸ್ಟೆಲಿನ ಮೆಟ್ಟಿಲ ಮೇಲೆ ಒಂದಿಡೀ ಸಂಜೆ ಜಗಳವಾಡಿದ್ದು ಇನ್ನೂ ನೆನಪಿದೆ. ಸುಮಾರು 600 ವಾಕ್ಯ ಮುಗಿಸಿದ್ದೆವು. ಒಂದು ಬೆಳಿಗ್ಗೆ ಅನುವಾದದ ತಾಣ ತೆರೆದುಕೊಳ್ಳಲಿಲ್ಲ. ಕಂಪನಿ ಆ ಉತ್ಪನ್ನವನ್ನೇ ಕೈಬಿಟ್ಟಿತ್ತು. ಕೋಡ್ ಆಗಲೂ ಮುಕ್ತವಾಗಿಯೇ ಇತ್ತು. ಆದರೆ ನಮ್ಮ ಕನ್ನಡ ಇದ್ದದ್ದು ಅವರ ಸರ್ವರಿನಲ್ಲಿ. ಒಂದು ಪ್ರತಿ ಇಟ್ಟುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕಂಪನಿಯೊಂದು ತನ್ನ ಗುಟ್ಟಿನ ಕೋಡನ್ನು ಬಿಟ್ಟುಕೊಟ್ಟಿದೆ ಎಂಬ ಸುದ್ದಿ ಬಂದಾಗಲೆಲ್ಲ ನನಗೆ ಆ 600 ವಾಕ್ಯಗಳು ನೆನಪಾಗುತ್ತವೆ. ಇಂಥ ಸುದ್ದಿಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಮುಕ್ತ ತಂತ್ರಾಂಶಕ್ಕೆ ಇದು ದೊಡ್ಡ ಗೆಲುವು ಎನ್ನುವುದು ಒಂದು. ಇದು ಬಲೆ, ಬಿಟ್ಟಿ ದುಡಿಮೆಗೆ ಜನ ಹುಡುಕುವ ಉಪಾಯ ಎನ್ನುವುದು ಇನ್ನೊಂದು. ದಾನಕ್ಕೆ ಬಂದ ಹಸುವಿನ ಹಲ್ಲು ಹಿಡಿದು ನೋಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಈ ವಿಷಯದ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಹಲ್ಲು ನೋಡಿದವರು ಉಳಿದರು, ನೋಡದವರು ಸೋತರು ಎಂದು.

ನೋಡಬಹುದು, ಮುಟ್ಟಬಾರದು

ಕೋಡನ್ನು ಗುಟ್ಟಾಗಿಡುವುದು ಗಣಕದಷ್ಟು ಹಳೆಯ ರೂಢಿಯೇನಲ್ಲ. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಸೋರ್ಸ್ ಕೋಡ್ ಸಮೇತ ಸಿಗುತ್ತಿತ್ತು. ಅದು ಕಂಪನಿಯ ಔದಾರ್ಯ ಮಾತ್ರವಲ್ಲ. ಏಕಸ್ವಾಮ್ಯದ ಮೊಕದ್ದಮೆಯೊಂದರಲ್ಲಿ 1956ರಲ್ಲಿ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ ಎಟಿ ಅಂಡ್ ಟಿ ದೂರವಾಣಿಯ ಆಚೆಗಿನ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಮಾರಲಾಗದ್ದನ್ನು ಅದು ಹಂಚಿತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ ಯುನಿಕ್ಸಿನ ಆರನೆಯ ಆವೃತ್ತಿಯ ತಿರುಳಾದ ಸುಮಾರು 9,000 ಸಾಲುಗಳನ್ನು ವಿದ್ಯಾರ್ಥಿಗಳಿಗಾಗಿ ವಿವರಿಸಿ ಟಿಪ್ಪಣಿ ಬರೆದರು. ಕಾವ್ಯಕ್ಕೆ ವ್ಯಾಖ್ಯಾನ ಬರೆಯುವುದನ್ನು ಕಂಡಿರುವ ನಮಗೆ ಇದು ಪರಿಚಿತ ಕೆಲಸವೇ. ಆದರೆ 1979ರ ಏಳನೆಯ ಆವೃತ್ತಿಯ ಪರವಾನಗಿ, ಕೋಡನ್ನು ತರಗತಿಯಲ್ಲಿ ಪಾಠ ಮಾಡುವುದನ್ನೇ ನಿಷೇಧಿಸಿತು. ಲಯನ್ಸರ ಟಿಪ್ಪಣಿ ವರ್ಷಗಟ್ಟಲೆ ಜೆರಾಕ್ಸ್ ಪ್ರತಿಗಳಲ್ಲಿ ಕದ್ದುಮುಚ್ಚಿ ಓಡಾಡಿತು. ಪುಸ್ತಕವಾಗಿ ಅಧಿಕೃತವಾಗಿ ಹೊರಬಂದದ್ದು 1996ರಲ್ಲಿ. ಪಾಠಕ್ಕೆ ಕೋಡ್ ಇಲ್ಲದಂತಾದ್ದರಿಂದಲೇ ಆಂಡ್ರೂ ಟನೆನ್‌ಬಾಮ್ 1987ರಲ್ಲಿ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ತಾವೇ ಬರೆದುಕೊಂಡರು.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಯುನಿಕ್ಸಿಗೆ ಸಾಕಷ್ಟು ಸೇರಿಸಿ, ಹಳೆಯದನ್ನು ಬಹುಪಾಲು ಹೊಸದಾಗಿ ಬರೆದು ತಮ್ಮದೇ ಆವೃತ್ತಿಯನ್ನು ಬಿಡುಗಡೆ ಮಾಡಿದ್ದರು. 1992ರಲ್ಲಿ ಎಟಿ ಅಂಡ್ ಟಿಯ ಅಂಗಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1994ರ ಆರಂಭದಲ್ಲಿ ರಾಜಿಯಾಯಿತು. ಸುಮಾರು 18,000 ಕಡತಗಳಲ್ಲಿ ತೆಗೆಯಬೇಕಾಗಿ ಬಂದದ್ದು ಮೂರನ್ನು. ಇನ್ನು ಸುಮಾರು 70ಕ್ಕೆ ಹಕ್ಕುಸ್ವಾಮ್ಯದ ಒಂದು ಸಾಲು ಸೇರಿಸಿದರೆ ಸಾಕಿತ್ತು. ಆದರೆ ವ್ಯಾಜ್ಯದ ಆ ಎರಡು ವರ್ಷ ಬರ್ಕ್ಲಿಯ ಕೋಡನ್ನು ಮುಟ್ಟಲು ಜನ ಹಿಂಜರಿದರು. ಅದೇ ಹೊತ್ತಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ಬರೆದ ಲಿನಕ್ಸ್ ಬೆಳೆಯಿತು.

ಮುಕ್ತ ತಂತ್ರಾಂಶ ಬರೆಯುವವರಿಗೆ ಕಂಪನಿಯ ಕೋಡಿನಿಂದ ಬರುವ ಮೊದಲ ಅಪಾಯ ಇದು: ಕಣ್ಣಿಗೆ ಬಿದ್ದು ಕೈಗೆ ಸಿಗದ ಕೋಡು. 2004ರಲ್ಲಿ ವಿಂಡೋಸ್ 2000ದ ಕೋಡಿನ ಒಂದು ಭಾಗ ಸೋರಿಕೆಯಾದಾಗ, ವಿಂಡೋಸಿಗೆ ಮುಕ್ತ ಪರ್ಯಾಯ ಕಟ್ಟುತ್ತಿದ್ದ ರಿಯಾಕ್ಟ್‌ಓಎಸ್ ತಂಡಕ್ಕೆ ಅದು ಹಬ್ಬವಾಗಬೇಕಿತ್ತು. ಆದದ್ದು ತಲೆನೋವು. ನೀವು ನೋಡಿ ಬರೆದಿದ್ದೀರಿ ಎಂಬ ಆರೋಪ ಬಂದು, 2006ರಲ್ಲಿ ಅವರು ಹೊಸ ಕೆಲಸವನ್ನು ತಡೆಹಿಡಿದು ತಮ್ಮದೇ ಕೋಡನ್ನು ಪರಿಶೀಲನೆಗೆ ಒಡ್ಡಬೇಕಾಯಿತು. ಪರವಾನಗಿಯಿಲ್ಲದೆ ಕಂಡ ಕೋಡು ನೆರವಲ್ಲ, ಮೈಲಿಗೆ.

ಸೋಲುವಾಗ ತೆರೆದ ಬಾಗಿಲು

ನಿಜವಾದ ಅರ್ಥದಲ್ಲಿ ಬಿಟ್ಟುಕೊಡುವ ಕತೆ ಶುರುವಾಗುವುದು ನೆಟ್‌ಸ್ಕೇಪಿನಿಂದ. 1994ರಲ್ಲಿ ಹುಟ್ಟಿದ ಈ ಕಂಪನಿಯ ಬ್ರೌಸರ್ ಅಂತರಜಾಲವನ್ನು ಸಾಮಾನ್ಯರ ಮನೆಗೆ ತಂದಿತು. ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸಿನೊಡನೆ ಪುಕ್ಕಟೆ ಕೊಡತೊಡಗಿದ ಮೇಲೆ ನೆಟ್‌ಸ್ಕೇಪ್ ಕುಸಿಯಿತು. ನಷ್ಟ, ನೌಕರರ ಕಡಿತಗಳ ನಡುವೆ 1998ರ ಜನವರಿ 22ರಂದು ಅದು ಎರಡು ಘೋಷಣೆ ಮಾಡಿತು: ಬ್ರೌಸರ್ ಇನ್ನು ಉಚಿತ, ಮುಂದಿನ ಆವೃತ್ತಿಯ ಕೋಡೂ ಎಲ್ಲರದು.

ಈ ಸುದ್ದಿಯ ಬಿಸಿಯಲ್ಲೇ ಫೆಬ್ರವರಿ 3ರಂದು ಪಾಲೊ ಆಲ್ಟೊದಲ್ಲಿ ಕೆಲವರು ಸೇರಿದ ಸಭೆಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ ‘ಓಪನ್ ಸೋರ್ಸ್’ ಎಂಬ ಹೆಸರು ಚಲಾವಣೆಗೆ ಬಂತು. ಇಂದು ಇಷ್ಟು ಸಲೀಸಾಗಿ ಬಳಸುವ ಈ ಪದ ಒಂದು ಕಂಪನಿ ಬಾಗಿಲು ತೆರೆದ ಹೊತ್ತಿನಲ್ಲಿ ನೆಲೆಯೂರಿದ್ದು ಎಂಬುದನ್ನು ಮರೆಯಬಾರದು. ಅಲ್ಲಿಯವರೆಗೆ ರಿಚರ್ಡ್ ಸ್ಟಾಲ್‌ಮನ್ ಮುಂತಾದವರು ಸ್ವಾತಂತ್ರ್ಯದ ಪ್ರಶ್ನೆಯಾಗಿ ಮಂಡಿಸುತ್ತಿದ್ದುದನ್ನು ವ್ಯಾಪಾರಸ್ಥರಿಗೂ ಒಪ್ಪಿಗೆಯಾಗುವ ಮಾತಿನಲ್ಲಿ ಹೇಳಬೇಕೆಂಬುದು ಆ ಸಭೆಯ ಉದ್ದೇಶವಾಗಿತ್ತು. ಸ್ಟಾಲ್‌ಮನ್ ಆ ಪದವನ್ನು ಕೊನೆಗೂ ಒಪ್ಪಲಿಲ್ಲ.

ಕೊಡುತ್ತೇನೆಂದು ಹೇಳುವುದು ಸುಲಭ. ಕೊಡುವುದು ಕಷ್ಟದ ಕೆಲಸ. ನೆಟ್‌ಸ್ಕೇಪಿನ ಕೋಡಿನೊಳಗೆ ಬೇರೆ ಕಂಪನಿಗಳಿಗೆ ಸೇರಿದ 75ಕ್ಕೂ ಹೆಚ್ಚು ಭಾಗಗಳಿದ್ದವು. ಒಬ್ಬೊಬ್ಬರನ್ನೂ ಕೇಳಬೇಕು, ಒಪ್ಪದಿದ್ದರೆ ಆ ಭಾಗವನ್ನು ಕಿತ್ತು ಹಾಕಬೇಕು. ರಫ್ತು ಕಾನೂನಿನ ಕಾರಣಕ್ಕೆ ಗೂಢಲಿಪಿಯ ಭಾಗವನ್ನು ತೆಗೆಯಬೇಕಾಯಿತು. ಎಂಜಿನಿಯರುಗಳು ಬೇಸರದಲ್ಲೋ ಸಿಟ್ಟಿನಲ್ಲೋ ಸಾಲುಗಳ ನಡುವೆ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಕೂಡ ಹುಡುಕಿ ಒರೆಸಿದರು. ಮಾರ್ಚ್ 31ರಂದು ಹೊರಬಂದದ್ದು ಅಲ್ಲಲ್ಲಿ ತೂತುಬಿದ್ದ ಕೋಡು.

ಪರವಾನಗಿಯ ಕರಡನ್ನು ಕಂಪನಿ ಮೊದಲೇ ಸಾರ್ವಜನಿಕರ ಮುಂದಿಟ್ಟಿತ್ತು. ಅದರಲ್ಲಿ ಒಂದು ಕಲಮು ಜನರ ಕಣ್ಣು ಕುಕ್ಕಿತು: ಹೊರಗಿನವರು ಮಾಡಿಕೊಟ್ಟ ತಿದ್ದುಪಡಿಗಳನ್ನು ನೆಟ್‌ಸ್ಕೇಪ್ ತನ್ನ ಮುಚ್ಚಿದ ಉತ್ಪನ್ನಗಳಲ್ಲೂ ಬಳಸಿಕೊಳ್ಳಬಹುದು; ಆ ಸವಲತ್ತು ಬೇರೆಯವರಿಗಿಲ್ಲ. ಆಕ್ಷೇಪಗಳ ನಂತರ ಎರಡು ಪರವಾನಗಿಗಳಾದವು. ಹಳೆಯ ಕೋಡಿಗೆ ಕಂಪನಿಯ ಸವಲತ್ತು ಇರುವುದೊಂದು, ಹೊಸದಾಗಿ ಬರೆಯುವವರಿಗೆ ಎಲ್ಲರೂ ಸಮಾನರಾಗಿರುವ ಮೊಜಿಲ್ಲಾ ಪರವಾನಗಿ ಇನ್ನೊಂದು. ಹಲ್ಲು ಹಿಡಿದು ನೋಡಿದ ಮೊದಲ ಫಲ ಇದು.

ಆದರೂ ನಿರೀಕ್ಷಿಸಿದ ಜನಪ್ರವಾಹ ಬರಲಿಲ್ಲ. ಕೋಡು ಅಷ್ಟು ಜಟಿಲವಾಗಿತ್ತೆಂದರೆ, 1998ರ ಕೊನೆಯ ಭಾಗದಲ್ಲಿ ಅದರ ಬಹುಭಾಗವನ್ನು ಬದಿಗಿಟ್ಟು ಹೊಸದಾಗಿ ಬರೆಯುವ ತೀರ್ಮಾನವಾಯಿತು. ಅದೇ ನವೆಂಬರಿನಲ್ಲಿ ಎಓಎಲ್ ನೆಟ್‌ಸ್ಕೇಪನ್ನು ಕೊಳ್ಳುವುದಾಗಿ ಘೋಷಿಸಿತು. ಯೋಜನೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಜೇಮಿ ಝವಿನ್ಸ್ಕಿ ಒಂದು ವರ್ಷ ತುಂಬುವ ಹೊತ್ತಿಗೆ ರಾಜೀನಾಮೆ ಕೊಟ್ಟರು. ಅವರು ಆಗ ಬರೆದದ್ದರ ಸಾರ ಇಷ್ಟು: ಕಂಪನಿಯ ಸುಮಾರು ನೂರು ಮಂದಿ ಪೂರ್ಣಾವಧಿ ಬರೆಯುತ್ತಿದ್ದಾರೆ, ಹೊರಗಿನವರು ಸುಮಾರು ಮೂವತ್ತು ಮಂದಿ, ಅದೂ ಬಿಡುವಿನಲ್ಲಿ, ಕಾಗದದ ಮೇಲೆ ಏನೇ ಇರಲಿ, ಯಾರು ಕೋಡ್ ಬರೆಯುತ್ತಾರೋ ಯೋಜನೆ ಅವರದೇ ಆಗಿ ಉಳಿಯುತ್ತದೆ.

ಝವಿನ್ಸ್ಕಿಯ ಮಾತು ಆ ಹೊತ್ತಿಗೆ ನಿಜವಾಗಿತ್ತು. ಆದರೆ ಕಾಗದದ ಮೇಲಿನದಕ್ಕೂ ಒಂದು ದಿನ ಬೆಲೆ ಬಂತು. 2003ರ ಮೇ ತಿಂಗಳಲ್ಲಿ ಎಓಎಲ್ ಮೈಕ್ರೋಸಾಫ್ಟಿನೊಡನೆ ರಾಜಿ ಮಾಡಿಕೊಂಡು 75 ಕೋಟಿ ಡಾಲರ್ ಪಡೆಯಿತು. ಜೊತೆಗೆ ಎಕ್ಸ್‌ಪ್ಲೋರರನ್ನು ಏಳು ವರ್ಷ ಶುಲ್ಕವಿಲ್ಲದೆ ಬಳಸುವ ಹಕ್ಕನ್ನೂ. ಅಂದ ಮೇಲೆ ಸ್ವಂತ ಬ್ರೌಸರ್ ಯಾಕೆ? ಜುಲೈನಲ್ಲಿ ನೆಟ್‌ಸ್ಕೇಪಿನ ತಂಡವನ್ನು ಚದುರಿಸಲಾಯಿತು. ಕೋಡು ಮುಚ್ಚಿದ್ದಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಅದು ಮುಕ್ತವಾಗಿದ್ದರಿಂದ ಎಓಎಲ್ ಕೊಟ್ಟ 20 ಲಕ್ಷ ಡಾಲರ್, ಮಿಚ್ ಕಪೋರ್ ಕೊಟ್ಟ 3 ಲಕ್ಷ ಡಾಲರ್‌ಗಳೊಡನೆ ಮೊಜಿಲ್ಲಾ ಫೌಂಡೇಶನ್ ಹುಟ್ಟಿತು. 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಂತು. ಕಂಪನಿ ಸೋಲುತ್ತಾ ಕೊಟ್ಟದ್ದು, ಕಂಪನಿ ಸತ್ತ ಮೇಲೆ ಫಲಿಸಿತು.

ಹೆಸರು ಯಾರದು?

ಎರಡನೆಯ ಕತೆ ನನಗೆ ಇನ್ನೂ ಹತ್ತಿರದ್ದು, ಏಕೆಂದರೆ ನನ್ನ ಪಿಎಚ್.ಡಿ. ಪ್ರಬಂಧವನ್ನು ಬರೆಯುತ್ತಿರುವುದು ಅದರಿಂದ ಹುಟ್ಟಿದ ಲಿಬ್ರೆಆಫೀಸಿನಲ್ಲಿ. ಜರ್ಮನಿಯ ಲೂನೆಬುರ್ಗ್ ಊರಿನಲ್ಲಿ 1985ರಲ್ಲಿ ಮಾರ್ಕೊ ಬೋರೀಸ್ ಎಂಬ ಹದಿಹರೆಯದ ಹುಡುಗ ಕಟ್ಟಿದ ಸ್ಟಾರ್ ಡಿವಿಜನ್ ಕಂಪನಿ ಸ್ಟಾರ್‌ಆಫೀಸ್ ತಯಾರಿಸುತ್ತಿತ್ತು. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡಿತು. 2000ದ ಅಕ್ಟೋಬರ್ 13ರಂದು ಅದರ ಕೋಡು ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಹೊರಬಂತು. ಸನ್‌ಗೆ ಮೈಕ್ರೋಸಾಫ್ಟಿನ ಆಫೀಸ್ ಗಳಿಕೆಗೆ ಪೆಟ್ಟು ಕೊಡುವ ಆಸೆಯಿತ್ತು. ಆ ಆಸೆಯಿಂದ ಜಗತ್ತಿಗೆ ಪುಕ್ಕಟೆ ಪದಸಂಸ್ಕಾರಕವೊಂದು ಸಿಕ್ಕಿತು.

ಪರವಾನಗಿ ಒಳ್ಳೆಯದೇ. ಆದರೆ ಅಲ್ಲೊಂದು ಷರತ್ತು ಇತ್ತು. ಕೋಡ್ ಸೇರಿಸಬಯಸುವವರು ಅದರ ಹಕ್ಕುಸ್ವಾಮ್ಯದಲ್ಲಿ ಸನ್‌ಗೂ ಪಾಲು ಬರೆದುಕೊಡಬೇಕಿತ್ತು. ಹೀಗಾಗಿ ಎಲ್ಲರ ದುಡಿಮೆಯನ್ನೂ ಒಟ್ಟುಗೂಡಿಸಿ ಬೇಕಾದ ಪರವಾನಗಿಯಲ್ಲಿ ಮಾರುವ ಅಧಿಕಾರ ಇದ್ದದ್ದು ಒಬ್ಬರಿಗೆ ಮಾತ್ರ. ಕೆಲವರು ಸಹಿ ಮಾಡಿದರು. ಕೆಲವರು ಮಾಡದೆ ತಮ್ಮ ತಿದ್ದುಪಡಿಗಳನ್ನು ಗೋ-ಓಓ ಎಂಬ ಬೇರೆ ಕಂತೆಯಲ್ಲಿ ಇಟ್ಟುಕೊಂಡು ಬಂದರು. ಹತ್ತು ವರ್ಷ ಹೀಗೆಯೇ ಗೊಣಗುತ್ತಾ ನಡೆಯಿತು. ಯಜಮಾನ ಒಳ್ಳೆಯವನಾಗಿದ್ದಾಗ ಷರತ್ತಿನ ಭಾರ ಗೊತ್ತಾಗುವುದಿಲ್ಲ.

2010ರ ಜನವರಿಯಲ್ಲಿ ಯಜಮಾನ ಬದಲಾದ. ಒರಾಕಲ್ ಕಂಪನಿ ಸನ್ ಅನ್ನು 740 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅದೇ ಸೆಪ್ಟೆಂಬರ್ 28ರಂದು ಓಪನ್‌ಆಫೀಸಿನ ಹಲವು ಪ್ರಮುಖರು ‘ದಿ ಡಾಕ್ಯುಮೆಂಟ್ ಫೌಂಡೇಶನ್’ ಎಂಬ ಸ್ವತಂತ್ರ ಸಂಸ್ಥೆಯನ್ನು ಘೋಷಿಸಿದರು. ಕೋಡು ಅವರ ಕೈಯಲ್ಲಿತ್ತು, ಹೆಸರು ಇರಲಿಲ್ಲ. ಓಪನ್‌ಆಫೀಸ್ ಎಂಬ ಹೆಸರನ್ನು ದಾನ ಮಾಡಿ, ನೀವೂ ನಮ್ಮೊಡನೆ ಸೇರಿಕೊಳ್ಳಿ ಎಂದು ಒರಾಕಲ್‌ಗೆ ಆಹ್ವಾನ ಕಳಿಸಿ, ಅಲ್ಲಿಯವರೆಗೆ ತಾತ್ಕಾಲಿಕವಾಗಿ ಇರಲಿ ಎಂದು ಲಿಬ್ರೆಆಫೀಸ್ ಎಂಬ ಹೆಸರಿಟ್ಟರು. ಒರಾಕಲ್‌ನ ಉತ್ತರ ಅಕ್ಟೋಬರಿನಲ್ಲಿ ಬಂತು: ಹೊಸ ಸಂಸ್ಥೆಯಲ್ಲಿರುವವರು ಓಪನ್‌ಆಫೀಸಿನ ಸಮುದಾಯ ಮಂಡಳಿಯನ್ನು ಬಿಡಬೇಕು.

ಮನೆ ಪಾಲಾಯಿತು. ಜರ್ಮನಿಯ ಕಾನೂನಿನಂತೆ ಪ್ರತಿಷ್ಠಾನ ಕಟ್ಟಲು 50,000 ಯೂರೋ ಮೂಲಧನ ಬೇಕಿತ್ತು. 2011ರ ಆರಂಭದಲ್ಲಿ ಜನರಲ್ಲಿ ಕೈಚಾಚಿದಾಗ ಆ ಹಣ ಎಂಟೇ ದಿನದಲ್ಲಿ ಕೂಡಿತು. ಅದೇ ಏಪ್ರಿಲಿನಲ್ಲಿ ಒರಾಕಲ್ ಓಪನ್‌ಆಫೀಸಿನ ವ್ಯಾಪಾರವನ್ನು ನಿಲ್ಲಿಸುವುದಾಗಿ ಹೇಳಿತು. ಜೂನ್ 1ರಂದು ಕೋಡನ್ನೂ ಹೆಸರನ್ನೂ ಅಪಾಚೆ ಫೌಂಡೇಶನ್‌ಗೆ ಕೊಟ್ಟುಬಿಟ್ಟಿತು, ಬೇರೆಯಾದವರಿಗಲ್ಲ. ಇಲ್ಲೊಂದು ತಮಾಷೆಯಿದೆ. ಅಪಾಚೆ ಪರವಾನಗಿ ಬಹಳ ಸಡಿಲ. ಅಲ್ಲಿಯ ಕೋಡನ್ನು ಲಿಬ್ರೆಆಫೀಸಿನವರು ಎತ್ತಿಕೊಳ್ಳಬಹುದಿತ್ತು. ಇವರದನ್ನು ಅವರು ತೆಗೆದುಕೊಳ್ಳುವಂತಿರಲಿಲ್ಲ. ಒರಾಕಲ್ ಯಾರಿಗೆ ಕೊಡಬಾರದೆಂದುಕೊಂಡಿತ್ತೋ ಅವರ ಮನೆಗೇ ಹಾಲು ಹೋಯಿತು. ಆದರೆ ಹೆಸರಿನ ನಷ್ಟ ತುಂಬಲು ಬಹಳ ಕಾಲ ಹಿಡಿಯಿತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಈಗಲೂ ಓಪನ್‌ಆಫೀಸನ್ನೇ ಹುಡುಕಿ ಹಾಕಿಕೊಳ್ಳುತ್ತಾರೆ. ಅವರಿಗೆ ಈ ಜಗಳ ನಡೆದದ್ದೇ ಗೊತ್ತಿಲ್ಲ.

ಇದೇ ಎರಡು ಕಂಪನಿಗಳ ನಡುವೆ ಇನ್ನೊಂದು ಮಗುವಿತ್ತು. ಸನ್ ತನ್ನ ಸೊಲಾರಿಸ್ ವ್ಯವಸ್ಥೆಯ ಬಹುಪಾಲು ಕೋಡನ್ನು 2005ರಲ್ಲಿ ಬಿಟ್ಟುಕೊಟ್ಟಿತ್ತು. 2010ರ ಆಗಸ್ಟಿನಲ್ಲಿ ಒರಾಕಲ್ ಆ ಹರಿವನ್ನು ನಿಲ್ಲಿಸಿತು. ಸಮುದಾಯದ ಆಡಳಿತ ಮಂಡಳಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಆದರೆ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಪರವಾನಗಿ ಬಿಡಲಿಲ್ಲ. ಅದೇ ತಿಂಗಳು ಇಲ್ಯೂಮೋಸ್ ಎಂಬ ಕವಲು ಹುಟ್ಟಿ, ಸನ್ ಮುಚ್ಚಿಟ್ಟಿದ್ದ ಕೆಲವು ಭಾಗಗಳನ್ನು ತಾವೇ ಬರೆದುಕೊಂಡು ಮುಂದೆ ನಡೆಯಿತು. ಕೊಡುವವರು ಮುಂದೆ ಕೊಡುವುದನ್ನು ನಿಲ್ಲಿಸಬಹುದು, ಕೊಟ್ಟದ್ದನ್ನು ಕಸಿಯಲಾಗದು.

ಬಿಟ್ಟಿ ಬಂದದ್ದರ ನೆರಳು

ಇಷ್ಟರಿಂದಲೇ ಎಲ್ಲ ಸುಖಾಂತ್ಯ ಎಂದುಬಿಟ್ಟರೆ ಅದು ಅರ್ಧ ಚರಿತ್ರೆ. ಓಪನ್‌ಆಫೀಸ್ ಬರುವ ಮೊದಲೇ ಸ್ವಯಂಸೇವಕರೂ ಪುಟ್ಟ ತಂಡಗಳೂ ಕಟ್ಟಿದ ಅಬಿವರ್ಡ್, ಕೆಆಫೀಸ್, ನ್ಯೂಮೆರಿಕ್‌ಗಳು ಇದ್ದವು. ಹಗುರವಾಗಿದ್ದವು, ಓದಬಲ್ಲ ಕೋಡಿನವಾಗಿದ್ದವು, ಇನ್ನೂ ಬೆಳೆಯುತ್ತಿದ್ದವು. ಕಂಪನಿಯೊಂದು ಹದಿನೈದು ವರ್ಷದ ಪೂರ್ಣಾವಧಿ ದುಡಿಮೆಯ ಫಲವನ್ನು ಒಮ್ಮೆಗೇ ತಂದು ಸುರಿದಾಗ ಲಿನಕ್ಸ್ ಹಂಚುವವರೆಲ್ಲ ಸಹಜವಾಗಿ ಆ ಕಡೆ ಹೋದರು. ಅಬಿವರ್ಡ್ ಬರೆಯುತ್ತಿದ್ದವನಿಗೆ ಅದು ವರವಾಗಿ ಕಂಡಿರಲಾರದು. ಮೈಕ್ರೋಸಾಫ್ಟ್ ಪುಕ್ಕಟೆ ಬ್ರೌಸರ್ ಕೊಟ್ಟು ನೆಟ್‌ಸ್ಕೇಪಿಗೆ ಮಾಡಿದ್ದಕ್ಕೂ ಇದಕ್ಕೂ ಪರಿಣಾಮದಲ್ಲಿ ಹೋಲಿಕೆಯಿದೆ. ಎದುರಾಳಿಯ ಬೆಲೆ ಇಳಿಸಲು ಎಸೆದ ಕಲ್ಲು ಪಕ್ಕದಲ್ಲಿದ್ದ ಸಣ್ಣವರಿಗೂ ತಾಗುತ್ತದೆ.

ವ್ಯತ್ಯಾಸ ಒಂದೇ, ಆದರೆ ಅದು ದೊಡ್ಡದು. ಎಕ್ಸ್‌ಪ್ಲೋರರ್ ಗೆದ್ದಾಗ ಸೋತವರ ಕೈಗೆ ಏನೂ ಸಿಗಲಿಲ್ಲ. ಓಪನ್‌ಆಫೀಸ್ ಗೆದ್ದಾಗ ಅದರ ಕೋಡು ಸೋತವರಿಗೂ ಸಿಕ್ಕಿತು. ಹಾಗಾಗಿ ಕೋಡಿನ ಬಿಡುಗಡೆ ನೆರವೋ ಬೆದರಿಕೆಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಬಿಡುಗಡೆಯ ದಿನ ಅದನ್ನು ಹೇಳಲು ಸಾಧ್ಯವಿಲ್ಲ. ಕಂಪನಿಯ ಮನಸ್ಸು ಬದಲಾದ ದಿನ, ಅಥವಾ ಕಂಪನಿಯೇ ಮಾರಾಟವಾದ ದಿನ, ಹೊರಗಿನವರು ತಮ್ಮ ಕೆಲಸವನ್ನು ಹೊತ್ತುಕೊಂಡು ಹೊರನಡೆಯಬಲ್ಲರೇ ಎಂಬುದರಲ್ಲಿ ಅದರ ಉತ್ತರ ಇರುತ್ತದೆ. ಹೊರನಡೆಯಲು ಪರವಾನಗಿ ಬೇಕು. ಪರವಾನಗಿಯಷ್ಟೇ ಸಾಲದು, ಕೋಡನ್ನು ಬಲ್ಲ ಜನ ಬೇಕು, ಹಣ ಬೇಕು, ಹೊಸ ಹೆಸರನ್ನು ಊರಿಗೆಲ್ಲ ಹೇಳುವ ತಾಳ್ಮೆ ಬೇಕು. ಮೊಜಿಲ್ಲಾಕ್ಕೆ ಇವು ಕೂಡಿಬರಲು ಐದು ವರ್ಷ ಬೇಕಾಯಿತು. ಲಿಬ್ರೆಆಫೀಸಿನವರು ಗೊಣಗುತ್ತಲೇ ಹತ್ತು ವರ್ಷ ತಯಾರಾಗಿದ್ದರು.

ನಮ್ಮ ಕನ್ನಡಕ್ಕೆ

ಕನ್ನಡದವರಿಗೆ ಇದು ದೂರದ ಸಂಗತಿಯಲ್ಲ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡೂ ಕನ್ನಡದಲ್ಲಿ ಸಿಗುತ್ತವೆ. ಹಿಂದೆ ಸ್ವಯಂಸೇವಕರ ಸಂಜೆಗಳಿವೆ. ಆಕೃತಿ ತಂತ್ರಾಂಶದ ಕಂಪನಿ ಕನ್ನಡವೂ ಸೇರಿದಂತೆ ಒಂಬತ್ತು ಲಿಪಿಗಳ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದುಂಟು. ರೆಡ್ ಹ್ಯಾಟ್ ಕಂಪನಿ ಪೋಷಿಸಿದ ಲೋಹಿತ್ ಫಾಂಟುಗಳಲ್ಲಿ ಕನ್ನಡವೂ ಒಂದು. ಇದಕ್ಕೆ ವಿರುದ್ಧವಾದದ್ದನ್ನೂ ನಾವು ಉಂಡಿದ್ದೇವೆ. ಯುನಿಕೋಡಿಗೆ ಮೊದಲು ಒಂದೊಂದು ತಂತ್ರಾಂಶಕ್ಕೂ ಒಂದೊಂದು ಅಕ್ಷರ ಸಂಕೇತವಿದ್ದ ಕಾಲದಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಇಂದು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಪರಿವರ್ತಕಗಳನ್ನು ಬರೆದು ಹಂಚಿದ ಪುಣ್ಯಾತ್ಮರಿಲ್ಲದಿದ್ದರೆ ನನ್ನ ಸಂಶೋಧನೆಯ ಅರ್ಧ ಆಕರ ನನಗೆ ಸಿಗುತ್ತಿರಲಿಲ್ಲ.

ಈಗಲೂ ಯಾವುದಾದರೂ ಕಂಪನಿ ಕೋಡ್ ಬಿಟ್ಟುಕೊಟ್ಟಿತೆಂದರೆ ನನಗೆ ಸಂತೋಷವಾಗುತ್ತದೆ. ಕಿರಿಯ ವಿದ್ಯಾರ್ಥಿಗಳು ಅನುವಾದಕ್ಕೋ ಕೋಡಿಗೋ ಕೈಹಾಕುತ್ತೇವೆಂದರೆ ಬೇಡ ಎನ್ನುವುದಿಲ್ಲ. ಮೂರು ವಿಷಯ ಕೇಳಿಕೊಳ್ಳಿ ಎನ್ನುತ್ತೇನೆ: ಪರವಾನಗಿಯಲ್ಲಿ ನಿಮಗೂ ಕಂಪನಿಗೂ ಒಂದೇ ನ್ಯಾಯವೇ? ನೀವು ಬರೆದದ್ದರ ಹಕ್ಕು ಯಾರದು? ಹೆಸರೂ ಸರ್ವರೂ ಯಾರ ಕೈಯಲ್ಲಿವೆ? ಉತ್ತರ ತೃಪ್ತಿಕರವಾಗಿರದಿದ್ದರೂ ಕೆಲಸ ಮಾಡಬಹುದು, ಗೊತ್ತಿದ್ದು ಮಾಡಿದರೆ ಸಾಕು.

ನಾಲ್ಕನೆಯದೊಂದಿದೆ. ಪ್ರತಿದಿನ ಸಂಜೆ ಏಳುವ ಮೊದಲು ಒಂದು ಪ್ರತಿ ಇಳಿಸಿಕೊಳ್ಳಿ. ‘ಉಳಿಸು’ವೋ ‘ಉಳಿಸಿ’ಯೋ ಎಂದು ಅಷ್ಟು ಜಗಳವಾಡಿದ ನಾವು ಮೂವರೂ ಮಾಡದೆ ಬಿಟ್ಟದ್ದು ಅದೊಂದನ್ನೇ.